ಜೀನಿಗೆ ಕೊಂಬು ಬಂದ ಬಗೆ

ಕೌಬಾಯ್ ಸಿನಿಮಾ ನೋಡಿದವರಿಗೆ ಕುದುರೆಯ ಜೀನಿನ ಮುಂದುಗಡೆ ಎದ್ದು ನಿಂತ ಗಿಡ್ಡ ಗೂಟದ ನೆನಪಿರುತ್ತದೆ. ಸವಾರ ಬೀಳದಂತೆ ಹಿಡಿದುಕೊಳ್ಳಲು ಇಟ್ಟದ್ದು ಎಂದೇ ಹಲವರ ಎಣಿಕೆ. ಅದರ ನಿಜವಾದ ಕೆಲಸ ಓಡುವ ದನವನ್ನು ಹಗ್ಗದಿಂದ ತಡೆದು ನಿಲ್ಲಿಸುವುದು. ಕೌಬಾಯ್‌ಗಳು ಅದಕ್ಕೆ ಕೊಂಬು ಎನ್ನುತ್ತಾರೆ. ಆ ಕೊಂಬಿನ ಮೇಲೆ ಬೀಳುವ ಎಳೆತವೇ ಇಡೀ ಜೀನನ್ನು ರೂಪಿಸಿತು. ಸಿನಿಮಾಗಳು ಇದರ ಹಿರಿಮೆಯನ್ನು ಟೆಕ್ಸಸ್‌ನ ಕೌಬಾಯ್‌ಗಳಿಗೆ ಕೊಟ್ಟವು. ಸಲ್ಲಬೇಕಾದದ್ದು ಮೆಕ್ಸಿಕೊದ ದನಗಾಹಿಗಳಾದ ವಕೇರೊಗಳಿಗೆ.

1519ರಲ್ಲಿ ಸ್ಪೇನಿನ ದಂಡನಾಯಕ ಕೊರ್ಟೆಸ್ 16 ಕುದುರೆಗಳೊಂದಿಗೆ ಮೆಕ್ಸಿಕೊಕ್ಕೆ ಬಂದಿಳಿದ. ಸ್ಪೇನಿನವರು ತಂದದ್ದು ಯುದ್ಧದ ಜೀನು. ಭರ್ಜಿಯ ಹೊಡೆತಕ್ಕೆ ಸವಾರ ಉರುಳದಂತೆ ಹಿಂದೆ ಮುಂದೆ ಎತ್ತರದ ಆನಿಕೆ ಇತ್ತು, ಹಗ್ಗ ಸುತ್ತಲು ಎಡೆಯಿರಲಿಲ್ಲ. ಅವರ ಹಿಂದೆಯೇ ಬಂದ ದನಗಳು ಹುಲ್ಲುಗಾವಲಿನಲ್ಲಿ ಕಾಡು ಬಿದ್ದು ಬೆಳೆದವು. ತೊಗಲು, ಕೊಬ್ಬಿಗಾಗಿ ಅವನ್ನು ಅಟ್ಟಿಸಿಕೊಂಡು ಹೋಗಿ, ಉದ್ದ ಕೋಲಿಗೆ ಅರ್ಧಚಂದ್ರದ ಅಲಗು ಸಿಕ್ಕಿಸಿ ಹಿಂಗಾಲಿನ ನರ ಕತ್ತರಿಸುತ್ತಿದ್ದರು. ದನ ನಾಶವಾಗತೊಡಗಿದಾಗ ಆ ಅಲಗಿಗೆ ನಿಷೇಧ ಬಂತು. ಜೀವಂತ ಹಿಡಿಯಲು ಹಗ್ಗವೇ ಗತಿ. ಮೊದಮೊದಲು ಹಗ್ಗದ ತುದಿಯನ್ನು ಕುದುರೆಯ ಬಾಲಕ್ಕೆ ಕಟ್ಟಿದ್ದೂ ಉಂಟು. ಪಾಪ, ಆ ಕುದುರೆಯ ಪಾಡು ಏನಾಗಿರಬೇಡ! ಕೊನೆಗೆ ಜೀನಿನ ಮರದ ಚೌಕಟ್ಟಿನಲ್ಲೇ ಕೊಂಬು ಎದ್ದಿತು. ಮೂಲನಿವಾಸಿಗಳು ಕುದುರೆ ಏರಬಾರದೆಂಬ ಕಟ್ಟಳೆ ಆಗ ಇತ್ತು. ದನ ಕಾಯಲು ಜನ ಬೇಕಾದಾಗ ಅದು ಸಡಿಲವಾಯಿತು. ಆ ಜನರ ಕೈಯಲ್ಲೇ ಈ ಜೀನು ಪಳಗಿತು.

ಕ್ಯಾಲಿಫೋರ್ನಿಯಾದ ವಕೇರೊ ಹಸಿತೊಗಲಿನ ಎಳೆಗಳನ್ನು ಹೆಣೆದ ಅರವತ್ತು ಅಡಿಯಷ್ಟುದ್ದದ ಹಗ್ಗ ಬಳಸುತ್ತಿದ್ದ. ಜಗ್ಗಿದರೆ ಅದು ಪಟ್ಟನೆ ಕಡಿಯುತ್ತದೆ. ಆದ್ದರಿಂದ ಕುಣಿಕೆ ಹೋರಿಯ ಕತ್ತಿಗೆ ಬಿದ್ದೊಡನೆ ಕೈಯಲ್ಲಿರುವ ಹಗ್ಗವನ್ನು ಕೊಂಬಿಗೆ ಒಂದೆರಡು ಸುತ್ತು ಹಾಕಿ, ತುಸು ಜಾರಲು ಬಿಟ್ಟು, ಆಮೇಲೆ ಬಿಗಿಹಿಡಿಯಬೇಕು. ಹಗ್ಗಕ್ಕೂ ಕೊಂಬಿಗೂ ನಡುವೆ ಹೆಬ್ಬೆರಳು ಸಿಕ್ಕಿದರೆ ಹೋದಂತೆಯೇ. ಹಾಗೆ ಬೆರಳು ಕಳೆದುಕೊಂಡವರು ಇಂದಿಗೂ ಇದ್ದಾರೆ. ಟೆಕ್ಸಸ್‌ನವರದು ಗಿಡ್ಡ ನಾರಿನ ಹಗ್ಗ, ತುದಿಯನ್ನು ಕೊಂಬಿಗೇ ಗಂಟು ಹಾಕಿಬಿಡುತ್ತಿದ್ದರು. ಹೋರಿ ಜಗ್ಗಿದಾಗ ಜೀನಿನ ಹಿಂಭಾಗ ಮೇಲೇಳುತ್ತಿತ್ತು; ಅದಕ್ಕೇ ಹಿಂದುಗಡೆ ಇನ್ನೊಂದು ಹೊಟ್ಟೆಪಟ್ಟಿ ಬಂತು.

ಚೌಕಟ್ಟಿನದೂ ಸೊಗಸಾದ ಕೆಲಸ. ಕೆತ್ತಿದ ಮರದ ತುಂಡುಗಳನ್ನು ಜೋಡಿಸಿ, ಮೇಲೆ ನೆನೆಸಿದ ಹಸಿತೊಗಲನ್ನು ಎಳೆದು ಹೊಲಿಯುತ್ತಾರೆ. ಒಣಗುತ್ತ ತೊಗಲು ಕುಗ್ಗಿ, ಮರ ಅಲುಗದಂತೆ ಬಿಗಿಯುತ್ತದೆ. ಅಡಿಯಲ್ಲಿ ಎರಡು ಅಗಲದ ಪಟ್ಟಿಗಳು ಕುದುರೆಯ ಬೆನ್ನೆಲುಬನ್ನು ಬಿಟ್ಟು ಅದರ ಎರಡೂ ಬದಿಗೆ ಭಾರ ಹಂಚುತ್ತವೆ. 1867ರಿಂದ ಟೆಕ್ಸಸ್‌ನ ದನಗಳನ್ನು ಚಿಸಮ್ ಹಾದಿಯಲ್ಲಿ ಕಾನ್ಸಸ್‌ನ ಅಬಿಲೀನ್‌ವರೆಗೆ ಹೊಡೆದುಕೊಂಡು ಹೋದವರು ದಿನವಿಡೀ ಕೂತದ್ದು ಇಂಥ ಜೀನಿನ ಮೇಲೆಯೇ. ಮುಂದೆ ಮರದ ಕೊಂಬಿನ ಜಾಗಕ್ಕೆ ಲೋಹದ ಕೊಂಬು ಬಂತು.

ವಕೇರೊಗಳ ಈ ವಿದ್ಯೆ ಕಡಲನ್ನೂ ದಾಟಿತು. 1793ರಲ್ಲಿ ಬ್ರಿಟಿಷ್ ನಾವಿಕ ವ್ಯಾಂಕೂವರ್ ಹವಾಯಿಯ ರಾಜ ಕಮೆಹಮೆಹಾನಿಗೆ ಕೊಟ್ಟ ದನಗಳು ಹೆಚ್ಚಿ ಹಾವಳಿಯಾದಾಗ, 1830ರ ದಶಕದಲ್ಲಿ ಅಲ್ಲಿಗೆ ವಕೇರೊಗಳನ್ನು ಕರೆಸಿಕೊಂಡರು. ಅವರಿಂದ ಕಲಿತ ದ್ವೀಪದವರು ಪನಿಯೊಲೊಗಳೆನಿಸಿದರು. ಅವರಲ್ಲೊಬ್ಬನಾದ ಇಕುವಾ ಪರ್ಡಿ 1908ರಲ್ಲಿ ವಯೋಮಿಂಗ್‌ನ ಶಯಾನ್‌ಗೆ ಹೋಗಿ, ಎರವಲು ಕುದುರೆ ಏರಿ, ಹೋರಿಗೆ ಹಗ್ಗ ಹಾಕುವ ಪಂದ್ಯವನ್ನು ಅಮೆರಿಕದ ಕೌಬಾಯ್‌ಗಳ ನಡುವೆಯೇ ಗೆದ್ದ.