ನಿವೇಶನವನ್ನು ಹಾದುಹೋಗುವ ಕಾಲುವೆ: ಮನೆ ಮಾಲೀಕರ ಹಕ್ಕು ಮತ್ತು ಹೊಣೆ

ವಿಜಯನಗರ ಜಿಲ್ಲೆಯು 2021ರಲ್ಲಿ ಅಸ್ತಿತ್ವಕ್ಕೆ ಬಂದು ಹೊಸಪೇಟೆಯು ಜಿಲ್ಲಾ ಕೇಂದ್ರವಾಯಿತು. ನಗರದ ಸುತ್ತಲಿನ ಭತ್ತ, ಕಬ್ಬು, ಬಾಳೆಯ ಜಮೀನುಗಳು ಭೂಪರಿವರ್ತನೆಗೊಂಡು ಬಡಾವಣೆಗಳಾಗುತ್ತಿವೆ. ಜಮೀನು ನಿವೇಶನವಾಗಬಹುದು, ಅದರೊಳಗೆ ಹರಿಯುವ ಕಾಲುವೆ ಮಾತ್ರ ಕಾಲುವೆಯಾಗಿಯೇ ಉಳಿಯುತ್ತದೆ. ಮೇಲಿನ ತೂಬಿನಿಂದ ಹೊರಟ ನೀರು ಹೊಸ ಮನೆಯ ಕಾಂಪೌಂಡಿನ ಮಗ್ಗುಲಲ್ಲೇ ಹಾದು, ಇನ್ನೂ ಬೇಸಾಯ ನಡೆಯುತ್ತಿರುವ ಕೆಳಗಿನ ಜಮೀನನ್ನು ತಲುಪಬೇಕು. ಮನೆಯವರಿಗೂ ರೈತರಿಗೂ ತಕರಾರು ಹುಟ್ಟುವುದು ಇಲ್ಲಿಯೇ.

ದೋಣಿಮಲೈನ ಗಣಿ ನಗರವಸತಿಯಲ್ಲಿ ಸೇವಾವಧಿಯನ್ನೆಲ್ಲ ಕಳೆದು, ನಿವೃತ್ತಿಯ ಹಣದಲ್ಲಿ ಹೊಸಪೇಟೆಯಲ್ಲೋ ಕಂಪ್ಲಿಯಲ್ಲೋ ನಿವೇಶನ ಕೊಳ್ಳುವವರಿದ್ದಾರೆ. ಕಾಲುವೆ ನೀರಿನ ವ್ಯವಹಾರ ಇವರಿಗೆ ಹೊಸದು. ಅಂಥವರೊಬ್ಬರು 30x40 ಅಡಿಯ ನಿವೇಶನ ಕೊಂಡರೆಂದೂ, ಅದರ ಉದ್ದನೆಯ ಅಂಚಿನಲ್ಲಿ ಮೂರು ಅಡಿ ಅಗಲದ ಕಾಲುವೆಯಿದೆಯೆಂದೂ ಇಟ್ಟುಕೊಳ್ಳೋಣ. ಕಾಲುವೆಯು ಆಕ್ರಮಿಸುವ ಜಾಗ 120 ಚದರ ಅಡಿ; ಅಂದರೆ ತೆತ್ತ ಬೆಲೆಯ ಹತ್ತನೆಯ ಒಂದು ಪಾಲು. ಆ ಪಾಲು ಕೊಂಡವರದ್ದೋ, ಸರ್ಕಾರದ್ದೋ, ಅಥವಾ ಕೊಂಡವರದ್ದಾಗಿದ್ದೂ ಬಳಕೆಗೆ ಬಾರದ್ದೋ ಎಂಬ ಪ್ರಶ್ನೆಗೆ ಕ್ರಯಪತ್ರದಲ್ಲಿ ಉತ್ತರವಿರುವುದು ಅಪರೂಪ.

ಕಾಲುವೆ ಯಾರದು?

ಎಲ್ಲ ಹಕ್ಕು ಹೊಣೆಗಳೂ ಈ ಒಂದು ಪ್ರಶ್ನೆಯ ಉತ್ತರವನ್ನು ಅವಲಂಬಿಸಿವೆ. ರಾಯ, ಬಸವಣ್ಣ, ತುರ್ತು, ಕಂಪ್ಲಿ ಮೊದಲಾದ ಕಾಲುವೆಗಳು ವಿಜಯನಗರ ಅರಸರ ಕಾಲದವು. ಬಸವಣ್ಣ ಕಾಲುವೆಯು ಕೃಷ್ಣದೇವರಾಯನ ಕಾಲದಲ್ಲಿ, 1521ರ ಸುಮಾರಿಗೆ ಆಯಿತೆಂದು ಗೆಜೆಟಿಯರುಗಳು ದಾಖಲಿಸಿವೆ. ತುಂಗಭದ್ರಾ ಅಣೆಕಟ್ಟೆಯಾದ ಮೇಲೆ ರಾಯ ಮತ್ತು ಬಸವಣ್ಣ ಕಾಲುವೆಗಳಿಗೆ ಜಲಾಶಯದಿಂದಲೇ ನೀರು ಬಿಡಲಾಗುತ್ತಿದೆ. ಇವೂ, ಅಣೆಕಟ್ಟೆಯೊಂದಿಗೆ ಹುಟ್ಟಿದ ಹೊಸ ಕಾಲುವೆಗಳೂ, ಅವುಗಳ ವಿತರಣಾ ಕಾಲುವೆಗಳೂ ಸರ್ಕಾರದ ಸ್ವತ್ತು. ಕಾಲುವೆಗಳು ಮತ್ತು ಜಲಮಾರ್ಗಗಳು ಅನ್ಯರದೆಂದು ಸ್ಥಾಪಿತವಾಗದ ಹೊರತು ರಾಜ್ಯ ಸರ್ಕಾರದವೇ ಎಂದು 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 67ನೆಯ ಪ್ರಕರಣ ಹೇಳುತ್ತದೆ.

ಇದರ ಗುರುತು ಪಹಣಿಯಲ್ಲಿಯೇ ದೊರೆಯುವುದುಂಟು. ಖರಾಬಿನಲ್ಲಿ ಎರಡು ಬಗೆ: ‘ಅ’ ಖರಾಬು ಹಿಡುವಳಿದಾರನ ಸ್ವಂತದ, ಆದರೆ ಬೇಸಾಯಕ್ಕೆ ಒದಗದ ಜಾಗ; ‘ಬ’ ಖರಾಬು ದಾರಿ, ಹಳ್ಳ, ಕೆರೆ ಮೊದಲಾದ ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟ ಜಾಗ. ಕಾಲುವೆಯ ಪಟ್ಟಿ ‘ಬ’ ಖರಾಬಿನಲ್ಲಿದ್ದರೆ ಅದನ್ನು ಮಾರುವ ಅಧಿಕಾರ ಮಾರಾಟಗಾರನಿಗೆ ಇರಲೇ ಇಲ್ಲ. ಕ್ರಯಪತ್ರದಲ್ಲಿ ಅದನ್ನು ಸೇರಿಸಿ ಅಳತೆ ಬರೆದಿದ್ದರೂ ಹಕ್ಕು ಹುಟ್ಟದು. ಮೇಲಿನ ಉದಾಹರಣೆಯ 120 ಚದರ ಅಡಿಗೆ ಹಣ ತೆತ್ತವರು ಮಾರಾಟಗಾರನನ್ನೇ ಕೇಳಬೇಕಾಗುತ್ತದೆ.

ಸರ್ಕಾರಿ ಕಾಲುವೆಯ ಪಕ್ಕದಲ್ಲಿ ಮನೆಯಿದ್ದ ಮಾತ್ರಕ್ಕೆ ನೀರಿನ ಮೇಲೆ ಯಾವ ಹಕ್ಕೂ ಬಾರದು. ಮೋಟಾರು ಇಟ್ಟು ಕೈತೋಟಕ್ಕೆ ನೀರೆತ್ತುವುದು, ಏರಿ ಒಡೆದು ಕೊಳವೆ ತೂರಿಸುವುದು, ಚಪ್ಪಡಿ ಹಾಸಿ ವಾಹನ ನಿಲ್ಲಿಸುವುದು, ಇವೆಲ್ಲ ಅನುಮತಿಯಿಲ್ಲದೆ ನಡೆದರೆ 1965ರ ಕರ್ನಾಟಕ ನೀರಾವರಿ ಕಾಯಿದೆಯಡಿ ಅಪರಾಧಗಳು. ಕಾಲುವೆಗಳಿಂದ ಅಕ್ರಮವಾಗಿ ನೀರೆತ್ತುವುದನ್ನು ತಡೆಯಲು ಈ ಕಾಯಿದೆಗೆ 2024ರಲ್ಲಿ ತಿದ್ದುಪಡಿ ತಂದು ಶಿಕ್ಷೆಯನ್ನು ಬಿಗಿಗೊಳಿಸಲಾಗಿದೆ. ಪರಿಶೀಲನೆ ಮತ್ತು ದುರಸ್ತಿಗಾಗಿ ಕಾಲುವೆಯ ಅಧಿಕಾರಿಗಳು ಒಳಬರುವುದನ್ನು ತಡೆಯುವಂತಿಲ್ಲ. ಪ್ರತಿಯಾಗಿ, ಅಂಥ ಕಾಲುವೆಯ ಹೂಳೆತ್ತುವ ಹೊಣೆಯೂ ಮನೆಯವರದಲ್ಲ.

ಹೊಲಗಾಲುವೆಯ ಕಥೆಯೇ ಬೇರೆ

ತೂಬಿನಿಂದ ಕೆಳಗೆ, ಒಬ್ಬರ ಜಮೀನಿನಿಂದ ಇನ್ನೊಬ್ಬರ ಜಮೀನಿಗೆ ಹರಿಯುವ ಹೊಲಗಾಲುವೆಗಳಲ್ಲಿ ಅನೇಕವು ಯಾವ ನಕ್ಷೆಯಲ್ಲಿಯೂ ಇಲ್ಲ. ನೆಲ ಮೇಲಿನವರದು, ನೀರು ಹಾಯಿಸುವ ಹಕ್ಕು ಕೆಳಗಿನವರದು. ಈಸ್‌ಮೆಂಟ್ ಎಂದು ನ್ಯಾಯಾಲಯಗಳಲ್ಲಿ ಕರೆಯಲಾಗುವ ಈ ಅನುಭೋಗದ ಹಕ್ಕನ್ನು 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯಿದೆ ನಿಯಂತ್ರಿಸುತ್ತದೆ. ಈ ಕಾಯಿದೆಯು ಮೊದಲು ಜಾರಿಗೆ ಬಂದ ಪ್ರಾಂತಗಳಲ್ಲಿ ಮದರಾಸು ಒಂದಾಗಿದ್ದುದರಿಂದ, ಆ ಪ್ರಾಂತಕ್ಕೆ ಸೇರಿದ್ದ ಹೊಸಪೇಟೆ, ಕಂಪ್ಲಿ ಸೀಮೆಗೆ ಇದು ಹೊಸ ಕಾನೂನೇನೂ ಅಲ್ಲ. ಸರ್ಕಾರದ ವೆಚ್ಚದಲ್ಲಿ ಕಟ್ಟಿದ ಕಾಲುವೆಗಳ ನೀರನ್ನು ನಿಯಂತ್ರಿಸುವ ಸರ್ಕಾರದ ಅಧಿಕಾರಕ್ಕೆ ಮಾತ್ರ ಇದು ಧಕ್ಕೆ ತರುವುದಿಲ್ಲ.

ಖಾಸಗಿ ನೆಲದ ಮೇಲೆ ಇಪ್ಪತ್ತು ವರ್ಷ ಶಾಂತವಾಗಿ, ಬಹಿರಂಗವಾಗಿ, ಅಡೆತಡೆಯಿಲ್ಲದೆ, ಹಕ್ಕೆಂದು ಭಾವಿಸಿ ನೀರು ಹಾಯಿಸಿಕೊಂಡವರಿಗೆ ಆ ಹಕ್ಕು ಸ್ಥಿರವಾಗುತ್ತದೆ. ದಾವೆ ಹೂಡುವ ಮೊದಲಿನ ಎರಡು ವರ್ಷಗಳೊಳಗಿನವರೆಗೂ ಆ ಬಳಕೆ ನಡೆದಿರಬೇಕು. ಬರಿಯ ಅನುಮತಿಯ ಮೇಲೆ ನೀರು ಹಾಯಿಸಿಕೊಂಡಿದ್ದರೆ ಈ ಹಕ್ಕು ಹುಟ್ಟುವುದಿಲ್ಲ. ಆದುದರಿಂದ ಹೊಸದಾಗಿ ದಾರಿ ಕೊಡುವವರು ಅದು ಅನುಮತಿ ಮಾತ್ರವೆಂದು ಬರೆಸಿಕೊಳ್ಳುವುದು ವಿವೇಕದ ಕ್ರಮ. ಹೀಗೆ ಸ್ಥಿರವಾದ ಹಕ್ಕಿಗೆ ನೋಂದಣಿ ಬೇಕಿಲ್ಲ. ಹಾಗಾಗಿ ಋಣಭಾರ ಪತ್ರದಲ್ಲಿ ಅದು ಕಾಣುವುದೂ ಇಲ್ಲ. ಕೆಳಗಿನ ಜಮೀನು ಕೈ ಬದಲಾಯಿಸಿದರೆ ಹಕ್ಕು ಜಮೀನಿನೊಂದಿಗೇ ಹೋಗುತ್ತದೆ. ಮೇಲಿನ ಜಮೀನು ಭೂಪರಿವರ್ತನೆಯಾಯಿತೆಂಬ ಕಾರಣಕ್ಕೆ ಅದು ಅಳಿಯುವುದೂ ಇಲ್ಲ. ಪರಿವರ್ತನೆಯ ಆದೇಶ ಬಂದರೆ ಕಾಲುವೆಯ ಕಾಟ ತಪ್ಪಿತು ಎಂಬ ದಲ್ಲಾಳಿಗಳ ಭರವಸೆಗೆ ಆಧಾರವಿಲ್ಲ.

ಹೊಣೆಯ ಹಂಚಿಕೆಯಲ್ಲಿ ಕಾಯಿದೆಯು ಮನೆ ಮಾಲೀಕರ ಕಡೆಗೇ ಹೆಚ್ಚು ಉದಾರವಾಗಿದೆಯೆನ್ನಬಹುದು. ನೆಲದ ಒಡೆಯ ಕೆಳಗಿನವರ ಅನುಕೂಲಕ್ಕಾಗಿ ಏನನ್ನೂ ಮಾಡಬೇಕಾಗಿಲ್ಲ. ಹೂಳೆತ್ತುವ, ದಂಡೆ ಕಟ್ಟುವ ಖರ್ಚು ನೀರು ಪಡೆಯುವವರದು. ದುರಸ್ತಿಯಿಲ್ಲದೆ ಕಾಲುವೆ ಒಡೆದು ಮನೆಯ ಅಡಿಪಾಯಕ್ಕೆ ನೀರು ನುಗ್ಗಿದರೆ ನಷ್ಟ ತುಂಬಿಕೊಡಬೇಕಾದವರೂ ಅವರೇ. ನೀರಾವರಿ ಕಾಯಿದೆಯು ಕೂಡ ಹೊಲಗಾಲುವೆಯನ್ನು ಸುಸ್ಥಿತಿಯಲ್ಲಿಡುವ ಭಾರವನ್ನು ಅದರ ಫಲಾನುಭವಿಗಳ ಮೇಲೆಯೇ ಹೊರಿಸಿದೆ. ಆದರೆ ಮನೆಯವರು ಆ ಹಕ್ಕನ್ನು ಮೊಟಕುಗೊಳಿಸುವ ಅಥವಾ ಅದರ ಬಳಕೆಯನ್ನು ಕಷ್ಟಗೊಳಿಸುವ ಯಾವ ಕೆಲಸವನ್ನೂ ಮಾಡಕೂಡದು. ಮಣ್ಣು ತುಂಬುವುದು, ಮೂರು ಅಡಿಯ ಕಾಲುವೆಯನ್ನು ಆರು ಅಂಗುಲದ ಪೈಪಿಗೆ ಇಳಿಸುವುದು, ಕಟ್ಟಡದ ಮಲಬಾ ಸುರಿಯುವುದು ಈ ನಿಷೇಧದೊಳಗೆ ಬರುತ್ತವೆ. ಹೂಳೆತ್ತಲು ಬರುವ ರೈತನಿಗೆ ಒಳಬರುವ ಹಕ್ಕೂ ಉಂಟು. ಅವನು ಆದಷ್ಟು ಕಡಿಮೆ ತೊಂದರೆ ಕೊಟ್ಟು, ಕೆದಕಿದ ನೆಲವನ್ನು ಮೊದಲಿನಂತೆ ಮಾಡಿ ಹೋಗಬೇಕು. ಕಾಂಪೌಂಡಿನ ಬಾಗಿಲಿಗೆ ಬೀಗ ಹಾಕುವುದು ತಪ್ಪಲ್ಲ. ನೀರಿನ ಸರದಿಯ ದಿನ ಬೀಗದ ಕೈ ಸಿಗದಂತೆ ಮಾಡುವುದು ತಪ್ಪು.

ಕಾಲುವೆಯನ್ನು ನಿವೇಶನದ ಅಂಚಿಗೆ ಸರಿಸಬಹುದೇ ಎಂಬ ಪ್ರಶ್ನೆ ಸಾಮಾನ್ಯವಾಗಿ ಏಳುತ್ತದೆ. ಅಮೆರಿಕದ ಕೊಲೊರಾಡೊ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಇಂಥದೇ ಪ್ರಕರಣವೊಂದರಲ್ಲಿ, ಕಾಲುವೆಯ ಹಕ್ಕುದಾರರ ಒಪ್ಪಿಗೆಯನ್ನಾಗಲಿ, ಅವರಿಗೆ ಹಾನಿಯಾಗದೆಂಬ ನ್ಯಾಯಾಲಯದ ಘೋಷಣೆಯನ್ನಾಗಲಿ ಮೊದಲು ಪಡೆಯದೆ ನೆಲದ ಒಡೆಯ ಕಾಲುವೆಯನ್ನು ಸರಿಸುವಂತಿಲ್ಲವೆಂದು ತೀರ್ಪಿತ್ತಿತು. ಹಕ್ಕನ್ನು ತನಗೆ ಅತಿ ಕಡಿಮೆ ಭಾರವಾಗುವಂತೆ ಬಳಸಬೇಕೆಂದು ಕೇಳುವ ಅವಕಾಶವನ್ನು ನಮ್ಮ ಕಾಯಿದೆ ನೆಲದ ಒಡೆಯನಿಗೆ ಕೊಟ್ಟಿದೆ. ಆದರೂ ರಾತ್ರೋರಾತ್ರಿ ಜೆಸಿಬಿ ತಂದು ತಿರುಗಿಸಿದ ಕಾಲುವೆಯು ತಡೆಯಾಜ್ಞೆಗೂ, ಮೊದಲಿನಂತೆ ಮಾಡಿಕೊಡಬೇಕೆಂಬ ಆದೇಶಕ್ಕೂ ದಾರಿಯಾದೀತು. ಒಪ್ಪಿಗೆಯನ್ನು ನಕ್ಷೆಯ ಸಮೇತ ನೋಂದಾಯಿಸಿಕೊಳ್ಳುವುದೇ ಕಡಿಮೆ ಖರ್ಚಿನ ಮಾರ್ಗ.

ನೀರು ಬಾರದ ಕಾಲದಲ್ಲಿ ಕಾಲುವೆಗಳು ಮುಚ್ಚಿಹೋಗುವ ಭಯ ಹೆಚ್ಚು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ಪ್ರದೇಶವೇ ಆತಂಕದಲ್ಲಿತ್ತು. ಅಂಥ ಒಂದೆರಡು ಹಂಗಾಮುಗಳ ಖಾಲಿ ಕಾಲುವೆಯನ್ನು ಕಂಡು ‘ಇನ್ನು ಇದಕ್ಕೆ ಕೆಲಸವಿಲ್ಲ’ ಎಂದು ಮುಚ್ಚುವವರು ತಿಳಿಯಬೇಕಾದುದೆಂದರೆ, ಹಕ್ಕು ಬಳಕೆಯಿಲ್ಲದೆ ನಶಿಸಲು ಎಡೆಬಿಡದ ಇಪ್ಪತ್ತು ವರ್ಷಗಳೇ ಬೇಕು. ಕೆಳಗಿನ ಜಮೀನಿಗೆ ಅದರಿಂದ ಇನ್ನು ಎಂದಿಗೂ ಪ್ರಯೋಜನವಿಲ್ಲವೆಂದಾದರೆ, ಅಥವಾ ಎರಡೂ ಜಮೀನುಗಳು ಸಂಪೂರ್ಣವಾಗಿ ಒಬ್ಬನೇ ಒಡೆಯನ ಕೈ ಸೇರಿದರೆ ಮಾತ್ರ ಹಕ್ಕು ಅದಕ್ಕೂ ಮೊದಲೇ ಕೊನೆಗೊಳ್ಳಬಹುದು.

ಚರಂಡಿಯೂ ಅಲ್ಲ, ಪಾಯಖಾನೆಯ ಗುಂಡಿಯೂ ಅಲ್ಲ

ಊರೊಳಗಿನ ಕಾಲುವೆಗೆ ಬಚ್ಚಲು ನೀರು ಬಿಡುವ ರೂಢಿ ಬೆಳೆದಿದೆ. 1974ರ ಜಲಮಾಲಿನ್ಯ ನಿಯಂತ್ರಣ ಕಾಯಿದೆಯು ಕೃತಕ ಜಲಮಾರ್ಗವನ್ನೂ, ಸದ್ಯಕ್ಕೆ ಒಣಗಿರುವ ಜಲಮಾರ್ಗವನ್ನೂ ತನ್ನ ವ್ಯಾಪ್ತಿಗೆ ಸೇರಿಸಿದೆ. ಒಳಚರಂಡಿ ಬರುವ ತನಕ ಕಾಲುವೆಯೇ ಗತಿ ಎಂಬ ಸಮಜಾಯಿಷಿಗೆ ಅದರಲ್ಲಿ ಎಡೆಯಿಲ್ಲ.

ಹಂಪಿ, ಕಮಲಾಪುರ, ಆನೆಗೊಂದಿಯ ಆಸ್ತಿವಂತರಿಗೆ ಮತ್ತೊಂದು ಕಟ್ಟುಪಾಡಿದೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಆಚೆಗೆ 200 ಮೀಟರ್ ನಿಯಂತ್ರಿತ ವಲಯ. ಅಲ್ಲದೆ 2002ರ ಕಾಯಿದೆಯಡಿ ರಚಿತವಾದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಅನುಮತಿ. ಕಾಲುವೆಯ ಮೇಲೆ ಸಣ್ಣದೊಂದು ಮೋರಿ ಕಟ್ಟುವ ಮುನ್ನವೂ ಈ ಕಚೇರಿಗಳಲ್ಲಿ ವಿಚಾರಿಸತಕ್ಕದ್ದು.

ಸಂಡೂರು ಮತ್ತು ದೋಣಿಮಲೈ ಕಡೆ ಕಾಲುವೆಗಿಂತ ಹಳ್ಳವೇ ಮುಖ್ಯ. ಬೆಟ್ಟದ ಮೇಲೆ ಸುರಿದ ಮಳೆ ಇಳಿಜಾರಿನಲ್ಲಿ ಸಹಜವಾಗಿ ಹರಿದು ಬಂದರೆ ಕೆಳಗಿನ ಜಮೀನಿನವರು ಅದಕ್ಕೆ ದಾರಿ ಬಿಡಬೇಕು. ಇದಕ್ಕೆ ಇಪ್ಪತ್ತು ವರ್ಷಗಳ ಬಳಕೆಯ ರುಜುವಾತು ಬೇಕಿಲ್ಲ. ಆದರೆ ನೆಲ ಅಗೆದು, ಮಣ್ಣು ರಾಶಿ ಹಾಕಿ, ಕೆಂಪು ಹೂಳನ್ನು ಸೇರಿಸಿ ಹರಿಯಬಿಟ್ಟ ನೀರಿಗೆ ಈ ರಿಯಾಯಿತಿಯಿಲ್ಲ. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದ ಬಳಿಕ, ಗಣಿಗಳ ಪುನರಾರಂಭಕ್ಕೆ ವಿಧಿಸಿದ ಪುನಶ್ಚೇತನ ಯೋಜನೆಗಳಲ್ಲಿ ಹೂಳು ತಡೆಯುವ ಒಡ್ಡುಗಳೂ ಸೇರಿದ್ದವು.

ನಿವೇಶನ ಕೊಳ್ಳುವವರು ಮುಂಗಡ ಕೊಡುವ ಮೊದಲು ಪಹಣಿಯ ಖರಾಬು ಅಂಕಣ, ಗ್ರಾಮ ನಕ್ಷೆ, ಸರ್ವೆ ಟಿಪ್ಪಣಿ ಮತ್ತು ಬಡಾವಣೆಯ ಮಂಜೂರಾದ ನಕ್ಷೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕು. ನಕ್ಷೆಯಲ್ಲಿಲ್ಲದ ಕಾಲುವೆಯ ವಿಷಯವನ್ನು ನೀರಗಂಟಿಯೂ ಕೆಳಗಿನ ಜಮೀನಿನ ರೈತರೂ ಹೇಳಬಲ್ಲರು. ಕಾಲುವೆಯಲ್ಲಿ ನೀರಿರುವ ದಿನವೇ ಜಾಗ ನೋಡಲು ಹೋಗುವುದು ಒಳಿತು. ನೀರಿಲ್ಲದ ದಿನ ತೋರಿಸುವುದೇ ಮಾರುವವರಿಗೆ ಅನುಕೂಲ. ಕಾಲುವೆಯಿದೆಯೆಂದು ತಿಳಿದ ಮೇಲೆಯೂ ಕೊಳ್ಳುವುದಾದರೆ, ಅದರ ಅಗಲವನ್ನು ಚೆಕ್ಕುಬಂದಿಯಲ್ಲಿ ನಮೂದಿಸಿ, ಆ ಜಾಗದ ಮೊತ್ತವನ್ನು ಬೆಲೆಯಲ್ಲಿ ಕಳೆದು, ಹೂಳೆತ್ತುವ ಕಾಲಕ್ಕೆ ಒಳಬರುವ ದಾರಿ ಯಾವುದೆಂಬುದನ್ನೂ ಕ್ರಯಪತ್ರದಲ್ಲಿಯೇ ಬರೆಸತಕ್ಕದ್ದು.