ಎಡಗೈಯವರ ಪಾಡು

ಮಗು ಎಡಗೈ ಚಾಚಿದೊಡನೆ ಶಿವಮೊಗ್ಗದ ಮನೆಗಳಲ್ಲಿ ಹಿರಿಯರು ಆಡುವ ಮಾತು ಒಂದೇ: 'ಬಲಗೈ ನೀಡು.' ಉಣ್ಣಲು, ಪ್ರಸಾದಕ್ಕೆ ಕೈಯೊಡ್ಡಲು, ಹಣ ಕೊಡಲು ಬಲಗೈಯೇ ಆಗಬೇಕು. ಲೋಕದಲ್ಲಿ ಹತ್ತು ಮಂದಿಗೆ ಸುಮಾರು ಒಬ್ಬರು ಎಡಚರು; ಉಪಕರಣಗಳೆಲ್ಲ ಉಳಿದ ಒಂಬತ್ತು ಮಂದಿಯ ಅಳತೆಗೆ ಸಿದ್ಧವಾದವು.

ಕನ್ನಡ ಬರಹ ಎಡದಿಂದ ಬಲಕ್ಕೆ ಸಾಗುವುದಷ್ಟೆ? ಬಲಗೈ ಬರೆದುದನ್ನು ಹಿಂದೆ ಬಿಟ್ಟು ಮುನ್ನಡೆಯುತ್ತದೆ. ಎಡಗೈಯಾದರೋ ಹಸಿ ಶಾಯಿಯನ್ನು ಒರಸಿಕೊಂಡೇ ಹೋಗುತ್ತದೆ. ಕತ್ತರಿಯ ಅಲಗುಗಳನ್ನು ಬಲಗೈ ಒಂದಕ್ಕೊಂದು ಒತ್ತುತ್ತದೆ, ಎಡಗೈ ಅಗಲಿಸುತ್ತದೆ. ಬಟ್ಟೆ ತುಂಡಾಗದೆ ಮಡಿಸಿಕೊಳ್ಳುತ್ತದೆ.

1923ರಲ್ಲಿ ಕಬ್ಬಿಣದ ಉತ್ಪಾದನೆಗೆ ತೊಡಗಿದ ಭದ್ರಾವತಿಯ ಕಾರ್ಖಾನೆ ಆ ಊರಿನ ತಲೆಮಾರುಗಳಿಗೆ ಯಂತ್ರದ ಬಳಕೆ ಕಲಿಸಿತು. ಸಾಮಾನ್ಯ ಲೇತ್ ಯಂತ್ರದ ತಿರುಗುವ ಭಾಗ ಕೆಲಸಗಾರನ ಎಡಕ್ಕಿರುತ್ತದೆ. ಅದನ್ನು ಬಲಕ್ಕೆ ತರುವುದು ಎಡಚನಿಂದ ಸಾಧ್ಯವೆ? ಅವನು ತನ್ನ ಕೈಯನ್ನೇ ತಿದ್ದಿಕೊಳ್ಳಬೇಕು.

ಆಟದ ಬಯಲಿನಲ್ಲಿ ಮಾತ್ರ ಎಡಗೈಗೆ ಮನ್ನಣೆಯುಂಟು. ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ ಬಲಗೈ ದಾಂಡಿಗರು, ನಿಜ. ಆದರೆ ಗದಗಿನ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದೆದುರು ಕೇವಲ 6 ಓಟಗಳನ್ನಿತ್ತು 5 ವಿಕೆಟ್ ಕಿತ್ತದ್ದು ಎಡಗೈಯಿಂದಲೇ!

ಎಡಗೈ ರೋಗವಲ್ಲ, ಹಠವೂ ಅಲ್ಲ. ಎಳವೆಯಲ್ಲೇ ಕಾಣಿಸಿಕೊಳ್ಳುವ ಒಲವು. ಗದರಿಸಿ ಬಲಗೈಗೆ ಬಳಪ ತುರುಕಿದರೆ ಅಕ್ಷರ ಬಂದೀತು, ಕಲಿಯುವ ಸಂತೋಷ ಹೋದೀತು. ಹಾಳೆಯ ಮೇಲಂಚನ್ನು ತುಸು ಬಲಕ್ಕೆ ವಾಲಿಸಿ, ಮಗುವನ್ನು ಬೆಂಚಿನ ಎಡತುದಿಯಲ್ಲಿ ಕೂರಿಸಿದರೆ ಅರ್ಧ ಕಷ್ಟ ಕಳೆಯುವುದು. ಇಷ್ಟು ಮಾಡಲು ಹಿರಿಯರಿಗೆ ಖರ್ಚೇನು?