ಪೌರತ್ವ ಕಿತ್ತುಕೊಂಡರೂ ಜನ ಬಿಟ್ಟುಕೊಡದ ನಟಿ: ಯಾರು ಈ ಮೆಲಿನಾ ಮೆರ್ಕೂರಿ?

ನಟಿಯೊಬ್ಬಳು ಸರ್ಕಾರವನ್ನು ಪ್ರಶ್ನಿಸಿದರೆ ಸಾಕು, 'ನಿನಗ್ಯಾಕಮ್ಮ ರಾಜಕೀಯ, ಸುಮ್ನೆ ನಟನೆ ಮಾಡ್ಕೊಂಡಿರು' ಅನ್ನುವವರು ಸಾಲುಗಟ್ಟಿ ಬರುತ್ತಾರೆ. ಇಂಥ ಮಾತು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಗ್ರೀಸ್‌ನ ಮೆಲಿನಾ ಮೆರ್ಕೂರಿ. ಆಕೆ ತೀರಿಕೊಂಡಿದ್ದು 1994ರಲ್ಲಿ. ಗ್ರೀಕರಿಗೆ ಆಕೆ ಇವತ್ತಿಗೂ ಬರೀ 'ಮೆಲಿನಾ'. ಈ ಸಲಿಗೆ ಎಲ್ಲಿಂದ ಬಂತು?

ಮೆಲಿನಾ ಹುಟ್ಟಿದ್ದು 1920ರಲ್ಲಿ, ಅಥೆನ್ಸ್‌ನ ಉಳ್ಳವರ ಮನೆಯಲ್ಲಿ. ತಾತ ಆ ನಗರದ ಮೇಯರ್ ಆಗಿದ್ದವರು. ರಂಗಭೂಮಿಯಲ್ಲಿ ಪಳಗಿದ ಆಕೆಯ ಮೊದಲ ಸಿನಿಮಾ, ಕಾಕೊಯಾನಿಸ್ ನಿರ್ದೇಶನದ 'ಸ್ಟೆಲ್ಲಾ', ಬಂದಿದ್ದು 1955ರಲ್ಲಿ. ಸ್ಟೆಲ್ಲಾ ಒಬ್ಬ ಹಾಡುಗಾರ್ತಿ. ಪ್ರೀತಿ ಬೇಕು, ಮದುವೆಯ ಹಗ್ಗ ಬೇಡ ಅನ್ನುವವಳು. ಕೊನೆಗೆ ಪ್ರೀತಿಸಿದವನ ಚೂರಿಗೇ ಬಲಿಯಾಗುತ್ತಾಳೆ. 'ಇಲ್ಲ' ಅಂದ ಹೆಣ್ಣಿಗೆ ಏನಾಗುತ್ತದೆ ಅನ್ನುವ ಆ ಪ್ರಶ್ನೆ ಹಳತಾಗಿದೆಯಾ? ನೀವೇ ಹೇಳಿ.

ಜಗತ್ತಿಗೆ ಆಕೆ ಪರಿಚಯವಾಗಿದ್ದು 1960ರ 'ನೆವರ್ ಆನ್ ಸಂಡೇ' ಮೂಲಕ. ನಿರ್ದೇಶಕ ಜೂಲ್ಸ್ ಡಸ್ಸಿನ್, ಕಮ್ಯುನಿಸ್ಟ್ ನಂಟಿನ ಕಾರಣಕ್ಕೆ ಹಾಲಿವುಡ್ ಕಪ್ಪುಪಟ್ಟಿಗೆ ಸೇರಿಸಿದ್ದ ವ್ಯಕ್ತಿ. ಮುಂದೆ ಮೆಲಿನಾರ ಗಂಡ. ಪಿರೇಯಸ್ ಬಂದರಿನ ಲೈಂಗಿಕ ಕಾರ್ಯಕರ್ತೆ ಇಲಿಯಾಳನ್ನು 'ಉದ್ಧಾರ' ಮಾಡಲು ಅಮೆರಿಕನ್ನನೊಬ್ಬ ಹೊರಡುವುದೇ ಕತೆ. ಸದಾ ನಗುತ್ತಿರುವ ಇಲಿಯಾ ಗಂಡಸರ ಕಲ್ಪನೆಯ ಕೂಸು ಎಂಬ ತಕರಾರು ನನಗಿದೆ. ಆದರೆ ಇದೇ ಇಲಿಯಾ, ಹೆಂಗಸರಿಂದ ದುಬಾರಿ ಬಾಡಿಗೆ ಸುಲಿಯುವವನ ವಿರುದ್ಧ ಎಲ್ಲರನ್ನೂ ಸೇರಿಸಿ ತಿರುಗಿ ಬೀಳುತ್ತಾಳೆ. ಈ ಪಾತ್ರಕ್ಕೆ ಮೆಲಿನಾ ಕಾನ್ ಚಿತ್ರೋತ್ಸವದ ಅತ್ಯುತ್ತಮ ನಟಿ ಪ್ರಶಸ್ತಿಯನ್ನು ಜಾನ್ ಮೊರೊ ಜೊತೆ ಹಂಚಿಕೊಂಡರು. ಆಸ್ಕರ್‌ಗೂ ನಾಮನಿರ್ದೇಶನಗೊಂಡರು.

ಅಸಲಿ ಪರೀಕ್ಷೆ ಎದುರಾಗಿದ್ದು 1967ರ ಏಪ್ರಿಲ್ 21ರಂದು. ಗ್ರೀಸ್‌ನಲ್ಲಿ ಸೇನಾಧಿಕಾರಿಗಳು ಅಧಿಕಾರ ಕಬಳಿಸಿದರು. ಮೆಲಿನಾ ಆಗ ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿ, ಇದೇ ಸಿನಿಮಾ ಆಧರಿಸಿದ ಸಂಗೀತ ನಾಟಕದಲ್ಲಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ಯಾವ ತೊಂದರೆಯೂ ಇರಲಿಲ್ಲ. ಆಕೆ ಮಾತಾಡಿದರು. ಸರ್ವಾಧಿಕಾರಿಗಳು ಪೌರತ್ವವನ್ನೇ ರದ್ದು ಮಾಡಿದರು, ಆಸ್ತಿ ಮುಟ್ಟುಗೋಲು ಹಾಕಿಕೊಂಡರು. ನಾನು ಹುಟ್ಟಿದ್ದು ಗ್ರೀಕಳಾಗಿ, ಸಾಯುವುದೂ ಗ್ರೀಕಳಾಗಿಯೇ. ಆದೇಶ ಹೊರಡಿಸಿದ ಮಂತ್ರಿ ಪಟ್ಟಾಕೋಸ್ ಹುಟ್ಟಿದ್ದು ಫ್ಯಾಸಿಸ್ಟನಾಗಿ, ಸಾಯುವುದೂ ಹಾಗೆಯೇ ಎಂಬುದು ಆಕೆಯ ಉತ್ತರವಾಗಿತ್ತು. ಏಳು ವರ್ಷ ಯುರೋಪ್, ಅಮೆರಿಕದ ವೇದಿಕೆಗಳಲ್ಲಿ ಹಾಡಿ, ಭಾಷಣ ಮಾಡಿ ತನ್ನ ಹೆಸರನ್ನೇ ಹೋರಾಟಕ್ಕೆ ಬಂಡವಾಳವಾಗಿಸಿದರು.

ಆಡಳಿತ ಕುಸಿದ ಮೇಲೆ 1974ರಲ್ಲಿ ವಾಪಸ್ ಬಂದರು. ಅದೇ ವರ್ಷ ಚುನಾವಣೆಗೆ ನಿಂತು ಸೋತರು. ಜನಪ್ರಿಯತೆ ತಾನಾಗಿ ಓಟಾಗಲಿಲ್ಲ, ಗಮನಿಸಿ. 1977ರಲ್ಲಿ ಗೆದ್ದಿದ್ದು ಪಿರೇಯಸ್‌ನಿಂದಲೇ. 1981ರಲ್ಲಿ ಸಂಸ್ಕೃತಿ ಸಚಿವೆಯಾದರು. ಮರುವರ್ಷ ಮೆಕ್ಸಿಕೋದ ಯುನೆಸ್ಕೋ ಸಮ್ಮೇಳನದಲ್ಲಿ, ಲಾರ್ಡ್ ಎಲ್ಗಿನ್ ಹೊತ್ತೊಯ್ದು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಪಾರ್ಥೆನಾನ್ ಶಿಲ್ಪಗಳನ್ನು ವಾಪಸ್ ಕೊಡಿ ಎಂದು ಪಟ್ಟು ಹಿಡಿದರು. ವಸಾಹತುಶಾಹಿಗಳು ಸಾಗಿಸಿದ ವಸ್ತುಗಳು ಯಾರ ಸ್ವತ್ತು ಅಂತ ನಾವಿವತ್ತು ಕೇಳುವ ಪ್ರಶ್ನೆಗೆ ದೊಡ್ಡ ದನಿ ಕೊಟ್ಟವರಲ್ಲಿ ಆಕೆಯೂ ಒಬ್ಬರು. 2009ರಲ್ಲಿ ತೆರೆದ ಅಕ್ರೊಪೊಲಿಸ್ ಮ್ಯೂಸಿಯಂನಲ್ಲಿ, ಲಂಡನ್ನಿನಲ್ಲಿರುವ ಶಿಲ್ಪಗಳ ಜಾಗದಲ್ಲಿ ಪ್ಲಾಸ್ಟರ್ ಪ್ರತಿಗಳಿವೆ.

ಮೆಲಿನಾರನ್ನು ದೇವತೆ ಮಾಡಬೇಕಿಲ್ಲ. ವಿದೇಶದಲ್ಲಿ ಹೆಸರು, ವೇದಿಕೆ ಎರಡೂ ಇದ್ದವು. ಅದೇ ಹೊತ್ತಲ್ಲಿ ಗ್ರೀಸ್‌ನ ಜೈಲುಗಳಲ್ಲಿ ಚಿತ್ರಹಿಂಸೆ ಅನುಭವಿಸಿದ ಸಾವಿರಾರು ಜನರಿಗೆ ಅದಿರಲಿಲ್ಲ. ಆದರೆ ತನಗಿದ್ದ ದನಿಯನ್ನು ಅವರ ಪರವಾಗಿ ಎತ್ತಿದ್ದಕ್ಕೇ ಆಕೆ ಇನ್ನೂ 'ಮೆಲಿನಾ' ಆಗಿ ಉಳಿದಿರುವುದು. ಹಾಗಾಗಿ, ತಾರೆಯರು ರಾಜಕೀಯ ಮಾತಾಡಬೇಕೋ ಬೇಡವೋ ಅನ್ನುವ ಚರ್ಚೆ ಸಾಕು. ಯಾರ ಪರ ಮಾತಾಡುತ್ತಿದ್ದಾರೆ, ಅದಕ್ಕಾಗಿ ಏನು ಕಳೆದುಕೊಳ್ಳಲು ತಯಾರಿದ್ದಾರೆ ಅಂತ ಕೇಳೋಣ.